ನಂಬಿಕೆ ಅಂದರೆ ಕಣ್ಣು ಮುಚ್ಚಿಕೊಳ್ಳೋದಲ್ಲ

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಚರ್ಚಿಸಲು ಪಾಠ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಮಗೆ ಬರ ಅಂದರೆ ಏನೂಂತ ಯಾರೂ ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಹೊಲದಲ್ಲೇ ಒಣಗುತ್ತದೆ, ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಕೂಲಿಗೆ ಹೋಗಬೇಕಾಗುತ್ತದೆ. ಆದರೆ ಒಂದೇ ದೇಶದ ಜನ ಎರಡು ಪಾಲಾಗಿ ಬಂದೂಕು ಹಿಡಿದರೆ ಹೆಂಗಸರ ಗತಿ ಏನು? ಆ ಕಷ್ಟ ಕಂಡು ಕಾದಂಬರಿ ಬರೆದ ಆಫ್ರಿಕಾದ ಒಬ್ಬ ಹೆಣ್ಣುಮಗಳ ಪರಿಚಯ ಮಾಡಿಕೊಳ್ಳೋಣ.

ಈಕೆ ಯಾರು?

ಇವರ ಹೆಸರು ಫ್ಲೋರಾ ನ್ವಾಪಾ. 1931ರಲ್ಲಿ ನೈಜೀರಿಯಾ ದೇಶದ ಒಗುಟಾ ಎಂಬ ಊರಲ್ಲಿ ಹುಟ್ಟಿದರು. ಅದು ದೊಡ್ಡ ಸರೋವರದ ದಡದ ಊರು. ಓದಿ ಶಿಕ್ಷಕಿಯಾದರು. 1966ರಲ್ಲಿ ಅವರ ಮೊದಲ ಕಾದಂಬರಿ ‘ಎಫುರು’ ಅಚ್ಚಾಯಿತು. ಇಂಗ್ಲಿಷಿನಲ್ಲಿ ಕಾದಂಬರಿ ಪ್ರಕಟಿಸಿದ ಆಫ್ರಿಕಾದ ಮೊದಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. 1993ರಲ್ಲಿ ತೀರಿಕೊಂಡರು.

ಯುದ್ಧ ಮತ್ತು ಹಸಿವು

1967ರ ಮೇ ತಿಂಗಳಲ್ಲಿ ನೈಜೀರಿಯಾದ ಪೂರ್ವ ಭಾಗ ‘ಬಿಯಾಫ್ರಾ’ ಎಂಬ ಬೇರೆ ದೇಶವೆಂದು ಘೋಷಿಸಿಕೊಂಡಿತು. ಅಲ್ಲಿ ಇಗ್ಬೋ ಜನಾಂಗದವರೇ ಹೆಚ್ಚು. ಜುಲೈನಲ್ಲಿ ಯುದ್ಧ ಶುರುವಾಗಿ 1970ರ ಜನವರಿಯವರೆಗೂ ನಡೆಯಿತು. ಸರ್ಕಾರ ದಾರಿಗಳನ್ನು ಮುಚ್ಚಿದ್ದರಿಂದ ಒಳಗಿನವರಿಗೆ ಉಪ್ಪು, ಮೀನು, ಔಷಧಿ ಸಿಗದಂತಾಯಿತು. ಮರಗೆಣಸು ತಿಂದು ಹೊಟ್ಟೆ ತುಂಬಿದರೂ ಮೈಗೆ ಪ್ರೊಟೀನ್ ಸಿಗಲಿಲ್ಲ. ಮಕ್ಕಳ ಕಾಲು, ಹೊಟ್ಟೆ ಊದಿಕೊಂಡವು, ಕೂದಲು ಕೆಂಚಗಾಯಿತು. ಈ ಕಾಯಿಲೆಯ ಹೆಸರು ಕ್ವಾಷಿಯೋರ್ಕರ್. ಯುದ್ಧದಲ್ಲಿ ಸತ್ತವರು 10 ಲಕ್ಷದಿಂದ 30 ಲಕ್ಷ ಎಂದು ಬೇರೆ ಬೇರೆ ಅಂದಾಜುಗಳಿವೆ. ಗುಂಡಿಗಿಂತ ಹಸಿವಿಗೆ ಬಲಿಯಾದವರೇ ಹೆಚ್ಚು.

ಕಾದಂಬರಿಯ ಕಥೆ

1975ರಲ್ಲಿ ಫ್ಲೋರಾ ‘ನೆವರ್ ಅಗೇನ್’ ಬರೆದರು. ‘ಇನ್ನೆಂದೂ ಬೇಡ’ ಅಂತ ಅದರ ಅರ್ಥ. ಕಥೆ ನಡೆಯುವುದು ಅವರ ಹುಟ್ಟೂರಲ್ಲೇ. ಕೇಟ್ ಎಂಬಾಕೆ ಗಂಡ ಮಕ್ಕಳ ಜೊತೆ ಒಂದಾದ ಮೇಲೊಂದು ಊರು ಬಿಟ್ಟು ಓಡಿ, ಸುಸ್ತಾಗಿ ಇಲ್ಲಿಗೆ ಬಂದಿದ್ದಾಳೆ. ಸೈನ್ಯ ಹತ್ತಿರ ಬರುತ್ತಿದೆ ಅನ್ನೋದು ಅವಳಿಗೆ ಗೊತ್ತು. ಆದರೆ ಊರ ಮುಖಂಡರು ‘ನಮ್ಮೂರಿಗೆ ಏನೂ ಆಗಲ್ಲ’ ಎಂದು ಭಾಷಣ ಮಾಡುತ್ತಾರೆ. ‘ಹೊರಡೋಣ’ ಎಂದವರಿಗೆ ದ್ರೋಹಿ ಎಂಬ ಹೆಸರು ಕಟ್ಟುತ್ತಾರೆ. ಹೆದರಿ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೊನೆಗೆ ಗುಂಡು ಬಿದ್ದಾಗ ಗಂಟು ಕಟ್ಟೋದಕ್ಕೂ ಹೊತ್ತಿಲ್ಲ. ಮುದುಕರು, ಮಕ್ಕಳು, ಬಸುರಿಯರು ಕಾಡುದಾರಿ ಹಿಡಿದು ಓಡುತ್ತಾರೆ.

ಸ್ವಲ್ಪದರಲ್ಲೇ ಶತ್ರು ಸೈನ್ಯ ಹಿಂದೆ ಸರಿಯುತ್ತದೆ. ಜನ ಹಿಂತಿರುಗಿ, ‘ಸರೋವರದ ತಾಯಿ ಕಾಪಾಡಿದಳು’ ಎಂದು ಕೈಮುಗಿಯುತ್ತಾರೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ ಕಂಡ ನಮಗೆ, ಊರ ತಾಯಿ ದಂಡಿನಿಂದ ಕಾಯುತ್ತಾಳೆ ಎಂಬ ಮಾತು ಹೊಸದಲ್ಲ. ಫ್ಲೋರಾ ಈ ನಂಬಿಕೆಯನ್ನು ಹಂಗಿಸುವುದಿಲ್ಲ. ಕಷ್ಟದಲ್ಲಿ ಎದೆಗೆ ಧೈರ್ಯ ಕೊಡುವುದು ನಂಬಿಕೆಯೇ. ಆದರೆ ಸತ್ಯ ಹೇಳುವ ಹೆಂಗಸಿನ ಬಾಯಿ ಮುಚ್ಚಿಸಿದ ಊರು ಎಂಥ ಬೆಲೆ ತೆರುತ್ತದೆ ಅನ್ನೋದನ್ನೂ ತೋರಿಸುತ್ತಾರೆ.

ನಂಬಿಕೆ ಕೆಲಸವಾದಾಗ

ಅದೇ ಯುದ್ಧದಲ್ಲಿ ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಸಭೆಗಳು ಭೇದ ಮರೆತು ಒಂದಾದವು. ಸಾವೊ ಟೊಮೆ ದ್ವೀಪದಿಂದ ರಾತ್ರಿ ಹೊತ್ತು ವಿಮಾನಗಳಲ್ಲಿ ಹಾಲಿನ ಪುಡಿ, ಒಣಮೀನು, ಔಷಧಿ ಕಳಿಸಿದವು. ಉಲಿ ಎಂಬಲ್ಲಿ ರಸ್ತೆಯನ್ನೇ ಅಗಲ ಮಾಡಿ, ಅಲ್ಲಿ ಕತ್ತಲಲ್ಲಿ ವಿಮಾನ ಇಳಿಸುತ್ತಿದ್ದರು. ಕೆಲವು ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಹಸಿದ ಮಕ್ಕಳಿಗೆ ಪ್ರಾರ್ಥನೆ ಹಾಲಾಗಿ ತಲುಪಿತು.

ಯುದ್ಧ ಮುಗಿದ ಮೇಲೆ ಬಿಯಾಫ್ರಾದವರ ಬ್ಯಾಂಕ್ ಖಾತೆಯಲ್ಲಿ ಎಷ್ಟೇ ಹಣವಿದ್ದರೂ ಕೈಗೆ ಕೊಟ್ಟಿದ್ದು 20 ಪೌಂಡ್ ಮಾತ್ರ. ಜೀವಮಾನದ ಉಳಿತಾಯ ಹೋಯಿತು. ಅಷ್ಟರಲ್ಲೇ ಬದುಕು ಮತ್ತೆ ಕಟ್ಟಬೇಕಾಯಿತು. ಫ್ಲೋರಾ ಸುಮ್ಮನೆ ಕೂರಲಿಲ್ಲ. 1970ರಲ್ಲಿ ತಮ್ಮ ರಾಜ್ಯದ ಆರೋಗ್ಯ ಮತ್ತು ಸಮಾಜ ಕಲ್ಯಾಣದ ಹೊಣೆ ಹೊತ್ತು, ಯುದ್ಧದಲ್ಲಿ ಅನಾಥರಾದ ಮಕ್ಕಳಿಗೆ ನೆಲೆ ಹುಡುಕುವ ಕೆಲಸ ಮಾಡಿದರು.

ನಮಗೇನು ಪಾಠ?

ನಮ್ಮಲ್ಲಿ ಯುದ್ಧವಿಲ್ಲ, ದೇವರ ದಯೆ. ಆದರೆ ಬಾಯಿ ಮುಚ್ಚಿಸುವುದು ಇದೆ. ‘ಲೆಕ್ಕ ಒಂದ್ಸಲ ತೋರ್ಸಮ್ಮ’ ಎಂದ ಸದಸ್ಯೆಗೆ ‘ಇವಳಿಗೆ ನಂಬಿಕೆ ಇಲ್ಲ’ ಅಂತೀವಿ. ಮೂರು ಕಡೆ ಮೈಕ್ರೋಫೈನಾನ್ಸ್ ಸಾಲ ಮಾಡಿದವಳು ‘ಹೇಗೋ ದೇವರು ನಡೆಸ್ತಾನೆ’ ಎಂದು ಮುಚ್ಚಿಡುತ್ತಾಳೆ. ಹೇಳಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ, ಸಂಘ ಉಳಿಯಲಿ ಎಂಬ ಕಾಳಜಿ. ಕಷ್ಟ ಹೇಳಿಕೊಳ್ಳುವುದು ಅವಮಾನವಲ್ಲ. ಕೇಳುವ ಕಿವಿಯಾಗೋದು ನಮ್ಮ ಕೆಲಸ.

ಇನ್ನೊಂದು ಮಾತು. ಹೊಟ್ಟೆ ತುಂಬೋದು ಬೇರೆ, ಮೈಗೆ ಹತ್ತೋದು ಬೇರೆ. ಬರಗಾಲದಲ್ಲೂ ಮಕ್ಕಳಿಗೆ ಬರೀ ಮುದ್ದೆ, ಖಾರ ಸಾಲದು. ಹುರುಳಿ, ಅವರೆ, ಕಡಲೆಕಾಯಿ, ಆದರೆ ಮೊಟ್ಟೆ ಕೊಡಿ.

ಸಭೆಯಲ್ಲಿ ಚರ್ಚಿಸಿ

1. ಊರವರು ದ್ರೋಹಿ ಅನ್ನುತ್ತಾರೆ ಅಂತ ಗೊತ್ತಿದ್ದರೆ, ಕೇಟ್ ಜಾಗದಲ್ಲಿ ನೀವು ಏನು ಮಾಡುತ್ತಿದ್ದಿರಿ?

2. ನಮ್ಮ ಸಂಘದಲ್ಲಿ ಹೇಳಲು ಹೆದರಿ ಸುಮ್ಮನಿರುವ ವಿಷಯ ಯಾವುದು? ಹೆಸರು ಹಿಡಿಯದೆ ಮಾತಾಡಿ.

3. ಒಬ್ಬ ಸದಸ್ಯೆಯ ಉಳಿತಾಯವೆಲ್ಲ ಹೋದರೆ, ಉಳಿದವರು ಏನು ಮಾಡಬಹುದು?

ಈ ತಿಂಗಳ ನಿರ್ಧಾರ: ಪ್ರತಿ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಓದು ಬಾರದವರು ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ಒಪ್ಪಿಗೆಯಾದರೆ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ.