ಮೇವು ಒಣಗಿದರೆ ಪರಿಹಾರ: ಅಮೆರಿಕದ ಎಲ್‌ಎಫ್‌ಪಿ

ಬರದಿಂದ ಹುಲ್ಲುಗಾವಲು ಕಳೆದುಕೊಂಡ ಜಾನುವಾರು ಸಾಕಣೆದಾರರಿಗೆ ಅಮೆರಿಕ ಸರ್ಕಾರ ನೀಡುವ ನೆರವೇ ಲೈವ್‌ಸ್ಟಾಕ್ ಫೋರೇಜ್ ಡಿಸಾಸ್ಟರ್ ಪ್ರೋಗ್ರಾಂ (ಎಲ್‌ಎಫ್‌ಪಿ). 2008ರ ಕೃಷಿ ಕಾಯ್ದೆಯಲ್ಲಿ ಹುಟ್ಟಿದ ಇದನ್ನು 2014ರ ಕಾಯ್ದೆ ಕಾಯಂಗೊಳಿಸಿತು. ಜಾರಿ ಹೊಣೆ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಯದು.

ಇದರ ಜೀವಾಳ 1999ರಿಂದ ಪ್ರತಿ ವಾರ ಪ್ರಕಟವಾಗುವ ಬರ ನಕ್ಷೆ, ಅಂದರೆ ಯು.ಎಸ್. ಡ್ರಾಟ್ ಮಾನಿಟರ್. ಅದರಲ್ಲಿ ಬರದ ತೀವ್ರತೆ ಏರಿದಂತೆ ಡಿ0ಯಿಂದ ಡಿ4ರವರೆಗೆ ಐದು ದರ್ಜೆಗಳು. ಮೇಯುವ ಋತುವಿನಲ್ಲಿ ಕೌಂಟಿಯ ಯಾವುದೇ ಭಾಗ ಡಿ3 ಮುಟ್ಟಿದರೆ ಮೂರು ತಿಂಗಳ ಕಂತು. ಡಿ4 ಮುಟ್ಟಿದರೆ ನಾಲ್ಕು. ಡಿ4 ನಾಲ್ಕು ವಾರ ಉಳಿದರೆ ಐದು. ಡಿ2 ದರ್ಜೆಯಲ್ಲಿ ಪರಿಹಾರ ಸಿಗಲು ಹಿಂದೆ ಸತತ 8 ವಾರ ಬೇಕಿತ್ತು, 2025ರ ಕಾಯ್ದೆ ಅದನ್ನು 4ಕ್ಕೆ ಇಳಿಸಿತು. ಕಂತಿನ ಮೊತ್ತ ಮಾಸಿಕ ಮೇವಿನ ವೆಚ್ಚದ ಶೇ 60. ಕೌಂಟಿಯ ಒಂದು ಮೂಲೆಗೆ ಬಿದ್ದ ಬಣ್ಣವೇ ಇಡೀ ಕೌಂಟಿಗೆ ಬಾಗಿಲು ತೆರೆಯುವುದು ಯೋಜನೆಯ ಬಲವೂ ಹೌದು, ದೌರ್ಬಲ್ಯವೂ ಹೌದು.

ಕಾಳ್ಗಿಚ್ಚಿನಿಂದಾಗಿ ಒಕ್ಕೂಟ ಸರ್ಕಾರದ ಭೂಮಿಯಲ್ಲಿ ಮೇಯಿಸುವುದನ್ನು ನಿಷೇಧಿಸಿದರೂ ಪರಿಹಾರವುಂಟು. ಆಗ ದರ ಶೇ 50, ಗರಿಷ್ಠ 180 ದಿನ.

ಎಡವುವ ಜಾಗ: ಜಾನುವಾರು ಸತ್ತರೆ ಅನ್ವಯಿಸುವುದು ಎಲ್‌ಎಫ್‌ಪಿ ಅಲ್ಲ, ಲೈವ್‌ಸ್ಟಾಕ್ ಇಂಡೆಮ್ನಿಟಿ ಪ್ರೋಗ್ರಾಂ (ಎಲ್‌ಐಪಿ).