ಕಡಲ ಬ್ಯಾಕ್ಟೀರಿಯಗಳು ತಯಾರಿಸುವ ಪ್ರತಿಜೈವಿಕಗಳು

ಕಾಳಗಿ, ಸೇಡಂ, ವಾಡಿಗಳ ಮನೆಗಳಲ್ಲಿ ಕಾಣುವ ಶಹಾಬಾದಿನ ಹಾಸುಗಲ್ಲು ಪುರಾತನ ಸಮುದ್ರದ ತಳದಲ್ಲಿ ಪದರಪದರವಾಗಿ ನೆಲೆಗೊಂಡ ಸುಣ್ಣಕಲ್ಲು. ಆ ಕಾಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳೇ ಪ್ರಧಾನ ನಿವಾಸಿಗಳು. ಇಂದಿನ ಕಡಲುಗಳಲ್ಲಿಯೂ ಬ್ಯಾಕ್ಟೀರಿಯಗಳು ಎಡೆಗಾಗಿ, ಆಹಾರಕ್ಕಾಗಿ ಸೆಣಸುತ್ತಲೇ ಇವೆ.

ನೆರೆಯ ಸೂಕ್ಷ್ಮಜೀವಿಯ ಬೆಳವಣಿಗೆಯನ್ನು ತಡೆಯುವಂತೆ ಬ್ಯಾಕ್ಟೀರಿಯವೊಂದು ತಯಾರಿಸುವ ವಸ್ತುವೇ ಪ್ರತಿಜೈವಿಕ. ತೆರೆದ ನೀರಿನಲ್ಲಿ ಅದು ಬೇಗನೆ ಹರಡಿ ತೆಳುವಾಗುವುದಷ್ಟೆ? ಆದುದರಿಂದ ಕಡಲಹುಲ್ಲಿನ ಎಲೆ, ತಳದ ಕೆಸರು ಮೊದಲಾದ ಆಸರೆಗಳಲ್ಲಿ ಅದನ್ನು ಅರಸುವುದು ಯುಕ್ತ. 1966ರಲ್ಲಿ ಬರ್ಕ್‌ಹೋಲ್ಡರ್ ಮತ್ತು ಅವರ ಸಂಗಡಿಗರು, ಪೋರ್ಟೊ ರಿಕೊ ದ್ವೀಪದ ಕಡಲಹುಲ್ಲಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯವೊಂದು ಇಂಥ ವಸ್ತುವನ್ನು ತಯಾರಿಸುವುದೆಂದು ಪ್ರಕಟಿಸಿದರು. ಅದರ ತೂಕದಲ್ಲಿ ನೂರಕ್ಕೆ ಸುಮಾರು 72 ಪಾಲು ಬ್ರೋಮಿನ್! ಒಂದು ಲೀಟರ್ ಕಡಲನೀರಿನಲ್ಲಿ ಬ್ರೋಮಿನ್ ಇರುವುದಾದರೋ ಸುಮಾರು 65 ಮಿಲಿಗ್ರಾಂ ಮಾತ್ರ. ನೆಲದ ಬ್ಯಾಕ್ಟೀರಿಯಗಳಲ್ಲಿ ಇಂಥ ರಚನೆ ಅಪರೂಪ.

ಪ್ರಯೋಗಶಾಲೆಯಲ್ಲಿ ರೋಗಾಣುಗಳನ್ನು ತಡೆದರೂ ಈ ವಸ್ತು ಔಷಧವಾಗಲಿಲ್ಲ. ಆದರೆ ಬಳಕೆಯ ಮದ್ದುಗಳಿಗೆ ರೋಗಾಣುಗಳು ಜಗ್ಗದಂತಾಗುತ್ತಿರುವ ಈ ದಿನಗಳಲ್ಲಿ, ಹೊಸ ರಚನೆಯ ಪ್ರತಿಯೊಂದು ಅಣುವೂ ಪರೀಕ್ಷಾರ್ಹ. ಆ ಶೋಧ ಫಲಿಸುವವರೆಗೆ, ಇರುವ ಮದ್ದುಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸದಿರುವುದು ವಾಚಕರ ಕೈಯಲ್ಲಿಯೇ ಇದೆ.