ಉಳಿದ ದಿನಗಳಲ್ಲಿ ಯಾವ ಪರೀಕ್ಷೆಗೆ ಓದಬೇಕು?



ಕಮಲಾಪುರ, ಕಂಪ್ಲಿ, ಸಂಡೂರಿನ ಹಲವು ಮಕ್ಕಳಿಗೆ ಕೋಚಿಂಗ್ ಕೈಗೆಟುಕುವುದಿಲ್ಲ. ಮನೆಯಲ್ಲೇ ಓದಬೇಕು. ಅಂಥವರು ಸಿಇಟಿ, ಜೆಇಇ, ನೀಟ್, ಕಾಮೆಡ್‌ಕೆ ಎಲ್ಲಕ್ಕೂ ಅರ್ಜಿ ಹಾಕಿ ಎಲ್ಲಕ್ಕೂ ಓದಲು ಹೊರಟರೆ ಶುಲ್ಕವೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಒಂದನ್ನು ಆರಿಸಿಕೊಂಡು ಅದನ್ನು ಚೆನ್ನಾಗಿ ಓದಿರಿ.

ಮೊದಲು ದಿನ ಎಣಿಸಿ. 2025ರಲ್ಲಿ ದ್ವಿತೀಯ ಪಿಯು ಪರೀಕ್ಷೆ ಮಾರ್ಚ್ 20ಕ್ಕೆ ಮುಗಿಯಿತು. ಸಿಇಟಿ ಏಪ್ರಿಲ್ 16ಕ್ಕೆ ಬಂತು. ನಡುವೆ ಸಿಕ್ಕಿದ್ದು 26 ದಿನ. ಅದರಲ್ಲೇ ರಂಜಾನಿನ ಕೊನೆಯ ಉಪವಾಸಗಳು, ಈದ್, ಏಪ್ರಿಲ್ ಮೊದಲ ವಾರ ಆರಂಭವಾದ ಜೆಇಇ ಎಲ್ಲವೂ ಇದ್ದವು. ದಿನಕ್ಕೆ 6 ಗಂಟೆಯಂತೆ ಒಟ್ಟು 156 ಗಂಟೆ; ಮೂರು ವಿಷಯಕ್ಕೆ ಹಂಚಿದರೆ ತಲಾ 52 ಗಂಟೆ. ನಾಲ್ಕು ಪರೀಕ್ಷೆಗೆ ಇದು ಸಾಲದು.

ಇಂಜಿನಿಯರಿಂಗ್ ಬೇಕಾದವರು ಸಿಇಟಿ ಆರಿಸಿಕೊಳ್ಳಿ. ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯು ಅಂಕದ್ದು, ಅರ್ಧ ಸಿಇಟಿಯದು. ಆದ್ದರಿಂದ ಪಿಯುಗೆ ಓದಿದ್ದು ಎರಡು ಕಡೆ ಫಲ ಕೊಡುತ್ತದೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿದರೆ ಅಂಕ ಕಳೆಯುವುದಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಪ್ರಥಮ ಪಿಯು ಪಾಠಗಳೂ ಬರುತ್ತವೆ, ಮರೆಯಬೇಡಿ.

ವೈದ್ಯಕೀಯ ಬೇಕಾದವರು ನೀಟ್ ಬರೆಯಲೇಬೇಕು. ಎಂಬಿಬಿಎಸ್‌ಗಷ್ಟೇ ಅಲ್ಲ, ಆಯುರ್ವೇದ, ಯುನಾನಿ ಕೋರ್ಸುಗಳಿಗೂ ಅದೇ ದಾರಿ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಇವರು ಸಿಇಟಿಯನ್ನೂ ಬರೆಯಲಿ: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಓದು ಒಂದೇ. ಬಿ.ಎಸ್ಸಿ. ನರ್ಸಿಂಗ್, ಫಾರ್ಮಸಿಯ ಬಾಗಿಲು ತೆರೆದಿರುತ್ತದೆ.

ಜೆಇಇ ಮೇನ್‌ಗೆ ಪ್ರಥಮ ಪಿಯುಯಿಂದಲೇ ತಯಾರಿ ನಡೆಸಿದವರು ಅದನ್ನು ಬಿಡಬೇಕಿಲ್ಲ. ಕೊನೆಯ ತಿಂಗಳಲ್ಲಿ ಹೊಸದಾಗಿ ಶುರುಮಾಡುವ ಪರೀಕ್ಷೆ ಅದಲ್ಲ.

ಓದುವ ಕ್ರಮ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಎದುರಿಟ್ಟುಕೊಂಡು ಬಿಡಿಸಿ. ಅಧ್ಯಾಯಗಳನ್ನು ಮೂರು ಪಟ್ಟಿ ಮಾಡಿ: ಬರುವವು, ಅರ್ಧ ಬರುವವು, ಏನೂ ಬಾರದವು. ಮೊದಲು ಅರ್ಧ ಬರುವವನ್ನು ಹಿಡಿಯಿರಿ. ಕಡಿಮೆ ಗಂಟೆಯಲ್ಲಿ ಹೆಚ್ಚು ಅಂಕ ಅಲ್ಲೇ ಸಿಗುತ್ತದೆ. ಬರುವವನ್ನು ವಾರಕ್ಕೊಮ್ಮೆ ತಿರುವಿಹಾಕಿ. ಏನೂ ಬಾರದವನ್ನು ಸಮಯ ಉಳಿದರೆ ನೋಡಿ. ಉಪವಾಸದ ದಿನಗಳಲ್ಲಿ ಫಜ್ರ್ ನಂತರದ ಎರಡು ಗಂಟೆಯನ್ನು ಗಣಿತಕ್ಕೋ ಭೌತಶಾಸ್ತ್ರಕ್ಕೋ ಇಡಿ. ಮಧ್ಯಾಹ್ನ ಹಗುರವಾದದ್ದನ್ನು ಓದಿ.

ಪೋಷಕರಿಗೆ ಎರಡು ಮಾತು. ನಮ್ಮದು ಕಲ್ಯಾಣ ಕರ್ನಾಟಕ. 371(ಜೆ) ಅಡಿ ಈ ಭಾಗದ ಕಾಲೇಜುಗಳಲ್ಲಿ ಸರ್ಕಾರ ಹಂಚುವ ಸೀಟುಗಳ ಶೇ. 70ರಷ್ಟು ಸ್ಥಳೀಯರಿಗೇ ಮೀಸಲು. ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರವನ್ನು, ತಹಶೀಲ್ದಾರರಿಂದ ಜಾತಿ-ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಒಳ್ಳೆಯ ರ‍್ಯಾಂಕ್ ಬಂದರೂ ಕಾಗದವಿಲ್ಲದೆ ಆ ಮೀಸಲಾತಿ ಸಿಗುವುದಿಲ್ಲ.

ಇನ್ನೊಂದು, ಆ 156 ಗಂಟೆ ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ ಸಿಗಲಿ. ಆಕೆ ಓದಲು ಕೂತಾಗ ಅಡುಗೆಮನೆಗೆ ಕರೆಯಬೇಡಿ. ವಿದ್ಯಾರ್ಥಿವೇತನ ಶುಲ್ಕ ಕಟ್ಟಲು ನೆರವಾಗಬಹುದು. ಓದುವ ಸಮಯವನ್ನು ಮನೆಯವರೇ ಕೊಡಬೇಕು.